ಭಾರತದಲ್ಲಿ ದಡಾರ ನಿರ್ಮೂಲನೆ

ದಡಾರವು ವೈರಸ್ಸಿನಿಂದ ಬರುವ, ಗಾಳಿಯ ಮೂಲಕ ಹರಡುವ ಸೋಂಕುರೋಗ. ಹೆಚ್ಚಾಗಿ ಚಿಕ್ಕ ಮಕ್ಕಳನ್ನು ಕಾಡುತ್ತದೆ. ಉತ್ತರ ಕರ್ನಾಟಕದ ಹಲವೆಡೆ ಇದಕ್ಕೆ ಗೊಬ್ಬರ ಎಂದು ಹೆಸರು. ಇದನ್ನು ತಡೆಯುವ ಲಸಿಕೆ 1963ರಿಂದ ಬಳಕೆಯಲ್ಲಿದೆ. ಎರಡು ಡೋಸ್ ಹಾಕಿಸಿಕೊಂಡ ನೂರು ಮಕ್ಕಳಲ್ಲಿ ಸುಮಾರು 97 ಮಂದಿಗೆ ರಕ್ಷಣೆ ಸಿಗುತ್ತದೆ. ವೈರಸ್ ಮನುಷ್ಯರನ್ನು ಬಿಟ್ಟು ಬೇರಾವ ಪ್ರಾಣಿಯಲ್ಲೂ ನೆಲೆಯೂರುವುದಿಲ್ಲ. ರೋಗ ಒಮ್ಮೆ ಬಂದು ಹೋದವರಿಗೆ ಸಾಮಾನ್ಯವಾಗಿ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ. ಇಷ್ಟು ದಶಕ ಕಳೆದರೂ ಲಸಿಕೆಯಿಂದ ತಪ್ಪಿಸಿಕೊಳ್ಳುವಂಥ ರೂಪವನ್ನು ವೈರಸ್ ತಾಳಿಲ್ಲ. ನಿರ್ಮೂಲನೆಗೆ ಇದಕ್ಕಿಂತ ಅನುಕೂಲವಾದ ರೋಗ ಸಿಗುವುದು ಕಷ್ಟ. ಆದರೂ 2024ರಲ್ಲಿ ಜಗತ್ತಿನಲ್ಲಿ ಸುಮಾರು 95,000 ಮಂದಿ, ಬಹುಪಾಲು ಐದು ವರ್ಷದೊಳಗಿನ ಮಕ್ಕಳು, ದಡಾರದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಭಾರತ ಮೊದಲು 2020ಕ್ಕೆ, ಆಮೇಲೆ 2023ಕ್ಕೆ ಗಡುವು ಇಟ್ಟುಕೊಂಡಿತ್ತು. ಎರಡೂ ತಪ್ಪಿ, ಈಗ 2026ರ ಗುರಿ ಮುಂದಿದೆ.

ಗಡುವು ತಪ್ಪಿದ್ದು ಲಸಿಕೆಯ ದೋಷದಿಂದಲ್ಲ. ಲಸಿಕೆ ಸಿಗದ ಮಕ್ಕಳು ದೇಶದ ತುಂಬ ಸಮವಾಗಿ ಚದುರಿಲ್ಲ. ಕೆಲವು ಕೊಳೆಗೇರಿ, ಕೆಲವು ತಾಂಡಾ, ಕೆಲವು ಕೂಲಿಕಾರರ ಶೆಡ್ಡುಗಳಲ್ಲಿ ಒತ್ತಾಗಿ ಇದ್ದಾರೆ. ದೇಶದ ಸರಾಸರಿಯಲ್ಲಿ ಅವರು ಕಾಣುವುದಿಲ್ಲ. ವೈರಸ್ಸಿಗೆ ಮಾತ್ರ ಕಾಣುತ್ತಾರೆ.

ನಿರ್ಮೂಲನೆ ಎಂದರೆ ಎಷ್ಟು

ಜಗತ್ತಿನಿಂದಲೇ ರೋಗವನ್ನು ಅಳಿಸುವುದು ಒಂದು, ಒಂದು ದೇಶದಿಂದ ಹೊರಹಾಕುವುದು ಇನ್ನೊಂದು. ಸಿಡುಬು ಮೊದಲನೆಯದಕ್ಕೆ ಉದಾಹರಣೆ: 1980ರಲ್ಲಿ ಅದು ಭೂಮಿಯಿಂದಲೇ ಹೋಯಿತೆಂದು ಘೋಷಣೆಯಾಯಿತು. ದಡಾರದ ಹತ್ತಿರದ ಬಂಧುವಾದ ವೈರಸ್ಸಿನಿಂದ ದನಕರುಗಳಿಗೆ ಬರುತ್ತಿದ್ದ ದೊಡ್ಡರೋಗವೂ ಹಾಗೆಯೇ 2011ರಲ್ಲಿ ಇಲ್ಲವಾಯಿತು. ದಡಾರಕ್ಕೆ ಇಟ್ಟುಕೊಂಡಿರುವ ಗುರಿ ಸದ್ಯಕ್ಕೆ ಎರಡನೆಯ ಬಗೆಯದು. ಒಂದು ದೇಶದಲ್ಲಿ ರೋಗ ಸ್ಥಳೀಯವಾಗಿ ಹರಡುವುದು ಕನಿಷ್ಠ ಹನ್ನೆರಡು ತಿಂಗಳು ನಿಂತಿರಬೇಕು; ಹಾಗೆ ನಿಂತಿದೆ ಎಂದು ತೋರಿಸಬಲ್ಲ ಗಟ್ಟಿ ಪತ್ತೆವ್ಯವಸ್ಥೆ ಇರಬೇಕು. ಈ ಸ್ಥಿತಿ ಮೂವತ್ತಾರು ತಿಂಗಳು ಉಳಿದರೆ ಆ ದೇಶ ದಡಾರಮುಕ್ತವೆಂಬ ಪರಿಶೀಲನೆ ಪೂರ್ಣಗೊಳ್ಳುತ್ತದೆ. ಹೊರದೇಶದಿಂದ ಬಂದ ಪ್ರಯಾಣಿಕನೊಬ್ಬನಿಗೆ ರೋಗವಿದ್ದು, ಅವನಿಂದ ನಾಲ್ಕಾರು ಮಂದಿಗೆ ಹರಡಿ ಅಲ್ಲಿಗೇ ನಿಂತರೆ ಪಟ್ಟ ಹೋಗುವುದಿಲ್ಲ. ಅದೇ ಎಳೆ ಕಡಿಯದೆ ಹನ್ನೆರಡು ತಿಂಗಳು ಸಾಗಿದರೆ ಹೋಗುತ್ತದೆ.

ವೈರಸ್ಸಿನ ಓಟ

ದಡಾರದಷ್ಟು ಬೇಗ ಹರಡುವ ರೋಗಗಳು ತೀರ ಕಡಿಮೆ. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ಸರಾಸರಿ 12ರಿಂದ 18 ಮಂದಿಗೆ ಅಂಟುತ್ತದೆ. ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು. ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನಲ್ಲಿ ಕುಳಿತಿದ್ದ ಮಗುವಿಗೆ ತಾನು ಕಣ್ಣಿನಿಂದಲೂ ನೋಡದ ಇನ್ನೊಂದು ಮಗುವಿನಿಂದ ರೋಗ ಬರುವುದು ಹೀಗೆ.

ಸೋಂಕು ತಗುಲಿದ ಹತ್ತು ಹನ್ನೆರಡು ದಿನಕ್ಕೆ ಜ್ವರ, ಕೆಮ್ಮು, ನೆಗಡಿ, ಕೆಂಪೇರಿ ನೀರು ಸುರಿಸುವ ಕಣ್ಣು. ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಗಳು ಏಳುತ್ತವೆ. 1896ರಲ್ಲಿ ಅವನ್ನು ವಿವರಿಸಿದ ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ ಹೆಸರೇ ಅವಕ್ಕೆ ಉಳಿದಿದೆ. ಕಿವಿಯ ಹಿಂದೆ, ಹಣೆಯ ಮೇಲೆ ಕೆಂಪು ದದ್ದು ಮೂಡಿ ಮೈಗೆಲ್ಲ ಇಳಿಯುವುದು ಆಮೇಲೆ. ತೊಂದರೆ ಇರುವುದು ಇಲ್ಲೇ. ದದ್ದು ಕಾಣುವ ನಾಲ್ಕು ದಿನ ಮೊದಲಿನಿಂದಲೇ ಮಗು ರೋಗವನ್ನು ಹರಡುತ್ತಿರುತ್ತದೆ. ಸಿಡುಬಿನಲ್ಲಿ ಗುಳ್ಳೆ ಎದ್ದವರನ್ನು ಪ್ರತ್ಯೇಕಿಸಿ, ಅವರ ಸುತ್ತಲಿನವರಿಗೆ ಲಸಿಕೆ ಹಾಕಿ ಬೇಲಿ ಕಟ್ಟಲು ಸಾಧ್ಯವಿತ್ತು. ದಡಾರದಲ್ಲಿ ಇದು ದಡಾರ ಎಂದು ಗೊತ್ತಾಗುವ ಹೊತ್ತಿಗೆ ಬೇಲಿಯ ಆಚೆಗೆ ವೈರಸ್ ದಾಟಿಯಾಗಿರುತ್ತದೆ. ಆದ್ದರಿಂದ ರೋಗಿಯ ಹಿಂದೆ ಓಡುವ ತಂತ್ರ ಒಂದೇ ಇಲ್ಲಿ ಸಾಲದು, ಮೊದಲೇ ಎಲ್ಲರಿಗೂ ಲಸಿಕೆ ಬಿದ್ದಿರಬೇಕು.

ದಡಾರ ಬಂದು ಹೋದರೆ ಮಗು ಗಟ್ಟಿಯಾಗುತ್ತದೆ ಎಂಬ ಮಾತು ಹಳ್ಳಿಯಲ್ಲೂ ಪಟ್ಟಣದಲ್ಲೂ ಇದೆ. ನಿಜ ಅದಕ್ಕೆ ಉಲ್ಟಾ. ಈ ವೈರಸ್ ನೇರವಾಗಿ ರೋಗನಿರೋಧಕ ವ್ಯವಸ್ಥೆಯ ನೆನಪಿನ ಕೋಶಗಳನ್ನೇ ಹೊಕ್ಕು ನಾಶಮಾಡುತ್ತದೆ. ಲಸಿಕೆ ಪಡೆಯದೆ ದಡಾರ ಬಂದ ನೆದರ್‌ಲೆಂಡ್ಸ್‌ನ ಮಕ್ಕಳ ರಕ್ತವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಬೇರೆ ರೋಗಗಳ ವಿರುದ್ಧ ಅವರಲ್ಲಿ ಮೊದಲಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ ಶೇ 73ರಷ್ಟು ಅಳಿಸಿಹೋಗಿದ್ದವು. ದಡಾರ ವಾಸಿಯಾದ ಮಗು ತಿಂಗಳುಗಳ ನಂತರ ನ್ಯುಮೋನಿಯಾದಿಂದಲೋ ಭೇದಿಯಿಂದಲೋ ಸತ್ತರೆ ಆ ಸಾವು ದಡಾರದ ಲೆಕ್ಕಕ್ಕೆ ಬರುವುದಿಲ್ಲ. ಸಾವಿರದಲ್ಲಿ ಒಬ್ಬರಿಗೆ ಮಿದುಳಿನ ಉರಿಯೂತವಾಗುತ್ತದೆ. ಎ ಜೀವಸತ್ವದ ಕೊರತೆಯಿರುವ ಮಕ್ಕಳು ಕಣ್ಣು ಕಳೆದುಕೊಳ್ಳುವುದುಂಟು. ದಡಾರ ಬಂದ ಮಗುವಿಗೆ ಎರಡು ದಿನ ಎ ಜೀವಸತ್ವದ ಹನಿ ಕೊಡುವುದು ಇದಕ್ಕಾಗಿ. ಅಪರೂಪಕ್ಕೆ, ರೋಗ ಬಂದು ಏಳೆಂಟು ವರ್ಷವಾದ ಮೇಲೆ, ಶಾಲೆಗೆ ಹೋಗುತ್ತಿರುವ ಮಗುವಿನ ಮಿದುಳು ನಿಧಾನವಾಗಿ ಕೆಡುತ್ತ ಹೋಗುತ್ತದೆ, ಅದಕ್ಕೆ ಮದ್ದಿಲ್ಲ.

ಸಾವಿರ ಮಕ್ಕಳ ಲೆಕ್ಕ

ದಡಾರದ ಹರಡುವಿಕೆ ನಿಲ್ಲಬೇಕಾದರೆ ಜನರಲ್ಲಿ ಸುಮಾರು ಶೇ 95 ಮಂದಿಗೆ ರಕ್ಷಣೆ ಇರಬೇಕು. ಭಾರತದಲ್ಲಿ 2024-25ರಲ್ಲಿ ಮೊದಲ ಡೋಸಿನ ಪ್ರಮಾಣ ಶೇ 93.7, ಎರಡನೆಯದು ಶೇ 92.2 ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದೆ. ಗುರಿಗೆ ಕೂದಲೆಳೆಯ ಅಂತರ ಎನಿಸುತ್ತದೆ. ಅಂತರ ಅಷ್ಟು ಕಿರಿದಲ್ಲ.

ಸಾವಿರ ಮಕ್ಕಳು ಹುಟ್ಟಿದರು, ಎರಡೂ ಡೋಸಿನಲ್ಲಿ ಶೇ 90ರಷ್ಟು ಸಾಧನೆಯಾಯಿತು ಎಂದಿಟ್ಟುಕೊಳ್ಳೋಣ. ಒಂಬತ್ತನೆಯ ತಿಂಗಳಲ್ಲಿ ಹಾಕುವ ಡೋಸ್ ನೂರಕ್ಕೆ ಸುಮಾರು 85 ಮಕ್ಕಳಲ್ಲಿ ಮಾತ್ರ ಕೆಲಸಮಾಡುತ್ತದೆ. ಹಾಗಾಗಿ ಲಸಿಕೆ ಪಡೆದ 900 ಮಂದಿಯಲ್ಲಿ 765 ಮಂದಿಗೆ ರಕ್ಷಣೆ ಬಂತು, 135 ಮಂದಿಗೆ ಬರಲಿಲ್ಲ. ಎರಡನೆಯ ಡೋಸ್ ಈ 135ರಲ್ಲಿ ಸುಮಾರು 115 ಮಂದಿಯನ್ನು ಕಾಪಾಡುತ್ತದೆ. ಅಲ್ಲಿಗೆ 880. ಮೊದಲ ಡೋಸ್ ತಪ್ಪಿದ ನೂರು ಮಕ್ಕಳಿಗೆ ಎರಡನೆಯದೂ ತಪ್ಪುವುದೇ ರೂಢಿ, ಏಕೆಂದರೆ ಎರಡಕ್ಕೂ ಕಾರಣ ಒಂದೇ. ಕೊನೆಗೆ ಸಾವಿರಕ್ಕೆ 120 ಮಕ್ಕಳು ಬಯಲಲ್ಲಿ ಉಳಿದರು. ಇದು ಒಂದು ವರ್ಷದ ಮಕ್ಕಳ ಲೆಕ್ಕ. ಮುಂದಿನ ವರ್ಷ ಅವರ ಜೊತೆಗೆ ಇನ್ನಷ್ಟು ಮಂದಿ ಸೇರುತ್ತಾರೆ. ವರ್ಷಕ್ಕೆ ಸುಮಾರು 2.3 ಕೋಟಿ ಶಿಶುಗಳು ಹುಟ್ಟುವ ದೇಶದಲ್ಲಿ ಹೀಗೆ ಕೂಡುತ್ತ ಹೋಗಿ ನಾಲ್ಕೈದು ವರ್ಷಕ್ಕೊಮ್ಮೆ ರೋಗ ಭುಗಿಲೇಳುವಷ್ಟು ದೊಡ್ಡ ಗುಂಪು ತಯಾರಾಗುತ್ತದೆ.

ಹಾಗಾದರೆ ಮೊದಲ ಡೋಸನ್ನು ಹನ್ನೆರಡನೆಯ ತಿಂಗಳಿಗೆ ಮುಂದೂಡಬಾರದೇ? ಆಗ ನೂರಕ್ಕೆ 95 ಮಕ್ಕಳಲ್ಲಿ ಅದು ನಾಟುತ್ತದೆ. ಶ್ರೀಮಂತ ದೇಶಗಳು ಹಾಗೆಯೇ ಮಾಡುತ್ತವೆ. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಇರುವವರೆಗೆ ಲಸಿಕೆಯ ವೈರಸ್ಸನ್ನೂ ಅವು ಕೊಂದುಬಿಡುತ್ತವೆ. ಅವು ಕರಗುವವರೆಗೆ ಕಾಯುವುದು ಲೇಸು. ಆದರೆ ರೋಗ ಸುತ್ತಲೂ ಓಡಾಡುತ್ತಿರುವ ಕಡೆ ಆ ಮೂರು ತಿಂಗಳು ಕಾಯುವುದೆಂದರೆ ಮಗುವನ್ನು ಪಣಕ್ಕಿಟ್ಟಂತೆ. ಇನ್ನೊಂದು ಬದಲಾವಣೆಯೂ ಆಗಿದೆ. ಅಜ್ಜಿಯರ ಕಾಲದ ತಾಯಂದಿರಿಗೆ ದಡಾರವೇ ಬಂದಿರುತ್ತಿತ್ತು, ಅವರು ಮಗುವಿಗೆ ಕೊಡುತ್ತಿದ್ದ ರಕ್ಷಣೆ ಹೆಚ್ಚು ಕಾಲ ಬಾಳುತ್ತಿತ್ತು. ಇಂದಿನ ತಾಯಂದಿರಿಗೆ ರಕ್ಷಣೆ ಬಂದಿರುವುದು ಲಸಿಕೆಯಿಂದ. ಅವರಿಂದ ಮಗುವಿಗೆ ದಾಟುವ ಪ್ರತಿಕಾಯ ಕಡಿಮೆ, ಬೇಗ ಕರಗುತ್ತದೆ. ಹೀಗಾಗಿ ಆರೇಳು ತಿಂಗಳ ಕೂಸುಗಳೂ ಇಂದು ರೋಗಕ್ಕೆ ತೆರೆದುಕೊಂಡಿವೆ. ಅವುಗಳನ್ನು ಕಾಪಾಡುವ ದಾರಿ ಒಂದೇ, ಸುತ್ತಲಿನ ದೊಡ್ಡ ಮಕ್ಕಳಿಗೆಲ್ಲ ಲಸಿಕೆ ಬಿದ್ದಿರುವುದು.

ಅಮೆರಿಕ ಕಲಿತ ಪಾಠ

ದಡಾರವನ್ನು ಬೇಗ ಮುಗಿಸಿಬಿಡುತ್ತೇವೆಂದು ಹೊರಟವರಲ್ಲಿ ಭಾರತ ಮೊದಲಿನದಲ್ಲ. ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ 1954ರಲ್ಲಿ ಬಾಸ್ಟನ್ ಬಳಿಯ ಶಾಲಾ ಹುಡುಗ ಡೇವಿಡ್ ಎಡ್ಮನ್‌ಸ್ಟನ್‌ನ ಮೈಯಿಂದ ವೈರಸ್ಸನ್ನು ಬೇರ್ಪಡಿಸಿದರು. ಭಾರತದ ಮಕ್ಕಳಿಗೆ ಇಂದು ಹಾಕುವ ಲಸಿಕೆಯ ತಳಿಯ ಹೆಸರಿನಲ್ಲೂ ಆ ಹುಡುಗನ ಹೆಸರಿದೆ: ಎಡ್ಮನ್‌ಸ್ಟನ್-ಜಾಗ್ರೆಬ್. ಲಸಿಕೆ ಬಂದ ಮೂರೇ ವರ್ಷಕ್ಕೆ, 1966ರಲ್ಲಿ, ಅಮೆರಿಕದ ಆರೋಗ್ಯಾಧಿಕಾರಿಗಳು ಮಾರನೆಯ ವರ್ಷದೊಳಗೆ ತಮ್ಮ ದೇಶದಿಂದ ದಡಾರವನ್ನು ನಿರ್ಮೂಲನೆ ಮಾಡುವುದಾಗಿ ಸಾರಿದರು. ಆಗಲಿಲ್ಲ. 1978ರಲ್ಲಿ ಮತ್ತೆ ಗುರಿ ಇಟ್ಟುಕೊಂಡು 1982 ಎಂದರು. ಅದೂ ಆಗಲಿಲ್ಲ. 1989ರಿಂದ 1991ರ ನಡುವೆ ಸುಮಾರು 55,000 ಮಂದಿಗೆ ರೋಗ ಬಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ರೋಗ ಬಂದವರಲ್ಲಿ ಬಹಳಷ್ಟು ಜನ ದೊಡ್ಡ ನಗರಗಳ ಬಡ ಕಪ್ಪು ಮತ್ತು ಹಿಸ್ಪಾನಿಕ್ ಕುಟುಂಬಗಳ, ಇನ್ನೂ ಶಾಲೆಗೆ ಸೇರದ ಮಕ್ಕಳು. ಶಾಲೆಗೆ ಸೇರುವಾಗ ಲಸಿಕೆ ಕಡ್ಡಾಯವಿದ್ದರಿಂದ ಶಾಲಾ ಮಕ್ಕಳ ಅಂಕಿಅಂಶ ಚೆನ್ನಾಗಿತ್ತು. ಅದಕ್ಕೂ ಮೊದಲಿನ ವಯಸ್ಸಿನವರತ್ತ ಯಾರೂ ನೋಡಿರಲಿಲ್ಲ. ಎರಡು ಡೋಸಿನ ಪದ್ಧತಿ 1989ರಲ್ಲಿ, ಬಡ ಮಕ್ಕಳಿಗೆ ಉಚಿತ ಲಸಿಕೆ ಕೊಡುವ ಯೋಜನೆ 1994ರಲ್ಲಿ ಬಂದ ಮೇಲೆಯೇ, 2000ದಲ್ಲಿ ಅಮೆರಿಕ ದಡಾರಮುಕ್ತವಾಯಿತು. ಒಂದು ವರ್ಷದಲ್ಲಿ ಮುಗಿಯುತ್ತದೆಂದು ಹೊರಟ ಕೆಲಸಕ್ಕೆ ಮೂವತ್ತನಾಲ್ಕು ವರ್ಷ ಹಿಡಿಯಿತು.

ಭಾರತದ ಕಾರ್ಯಕ್ರಮ

ಭಾರತದಲ್ಲಿ ದಡಾರದ ಲಸಿಕೆ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಜೊತೆ ಬಂತು. ಇಪ್ಪತ್ತೈದು ವರ್ಷ ಒಂದೇ ಡೋಸ್. ಮೇಲೆ ಹೇಳಿದ ಲೆಕ್ಕವನ್ನು ನೋಡಿದವರಿಗೆ ಇದು ಎಂದಿಗೂ ಸಾಲುವಂಥದ್ದಲ್ಲ ಎಂದು ತಿಳಿಯುತ್ತದೆ. ಎರಡನೆಯ ಡೋಸಿಗೆ ಇಷ್ಟು ತಡಮಾಡಿದ್ದಕ್ಕೆ ದೇಶ ದುಬಾರಿ ಬೆಲೆ ತೆತ್ತಿದೆ. 2010ರಲ್ಲಿ ಎರಡನೆಯ ಡೋಸ್ ಶುರುವಾದಾಗ ಲಸಿಕಾ ಪ್ರಮಾಣ ಕಡಿಮೆಯಿದ್ದ 14 ರಾಜ್ಯಗಳಲ್ಲಿ ಮೊದಲು ಅಭಿಯಾನ ನಡೆಯಿತು. ಆ ಅಭಿಯಾನ 2010ರಿಂದ 2013ರವರೆಗೆ 41,000ದಿಂದ 56,000 ಮಕ್ಕಳ ಜೀವ ಉಳಿಸಿತೆಂದು ದೇಶದ ಸಾವುಗಳ ಕಾರಣ ಪತ್ತೆಮಾಡುವ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿದೆ. ದಡಾರದಿಂದ ಸಾಯುವವರಲ್ಲಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳೇ ಹೆಚ್ಚು ಎಂಬುದನ್ನೂ ಅದು ತೋರಿಸಿತು. ವೈರಸ್ ಗಂಡು ಹೆಣ್ಣೆಂದು ನೋಡುವುದಿಲ್ಲ. ಆಸ್ಪತ್ರೆಗೆ ಯಾರನ್ನು ಮೊದಲು ಕರೆದೊಯ್ಯುತ್ತಾರೆ, ಯಾರಿಗೆ ಹೊಟ್ಟೆತುಂಬ ಸಿಗುತ್ತದೆ ಎಂಬುದರಲ್ಲಿ ವ್ಯತ್ಯಾಸ ಇದೆ.

ಮುಂದಿನ ಹೆಜ್ಜೆ ರುಬೆಲ್ಲಾವನ್ನೂ ಸೇರಿಸಿಕೊಂಡದ್ದು. ಗರ್ಭಿಣಿಗೆ ರುಬೆಲ್ಲಾ ಬಂದರೆ ಹುಟ್ಟುವ ಮಗುವಿಗೆ ಕುರುಡು, ಕಿವುಡು, ಹೃದಯದ ದೋಷ ಬರಬಹುದು. ಎರಡೂ ಸೇರಿದ ಲಸಿಕೆಯ ರಾಷ್ಟ್ರೀಯ ಅಭಿಯಾನಕ್ಕೆ 2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ ಮೊದಲ ಹಂತದಲ್ಲಿದ್ದವು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನವರೆಲ್ಲರಿಗೂ, ಹಿಂದೆ ಹಾಕಿಸಿಕೊಂಡಿದ್ದರೂ ಸರಿ, ಇನ್ನೊಂದು ಚುಚ್ಚುಮದ್ದು. ದೇಶದಾದ್ಯಂತ 41 ಕೋಟಿ ಮಕ್ಕಳು ಗುರಿಯಾಗಿದ್ದರು. ಮುಂದಿನ ವರ್ಷಗಳಲ್ಲಿ ಮೂವತ್ತು ಕೋಟಿಗೂ ಹೆಚ್ಚು ಮಕ್ಕಳಿಗೆ ಲಸಿಕೆ ಸಿಕ್ಕಿತು. ಇಷ್ಟು ದೊಡ್ಡ ಕೆಲಸವನ್ನು ಶಾಲೆಗಳ ಮೂಲಕ ಮಾಡಿದ್ದು ಜಾಣತನವೇ. ಆದರೆ ಶಾಲೆಗೆ ಹೋಗುವ ಮಗು ಹೇಗೂ ಕಣ್ಣಿಗೆ ಬೀಳುವ ಮಗು. ದೆಹಲಿಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು: ಪೋಷಕರನ್ನು ಕೇಳದೆ ಶಾಲೆಯಲ್ಲಿ ಮಕ್ಕಳಿಗೆ ಚುಚ್ಚಬಹುದೇ? ಒಪ್ಪಿಗೆ ಬೇಕೇಬೇಕು ಎಂದು ದೆಹಲಿ ಹೈಕೋರ್ಟ್ 2019ರ ಜನವರಿಯಲ್ಲಿ ಹೇಳಿತು.

ಅಷ್ಟರಲ್ಲಿ ಕೊರೊನಾ ಬಂತು. 2020ರ ಲಾಕ್‌ಡೌನ್‌ನಲ್ಲಿ ಲಸಿಕೆಯ ದಿನಗಳು ನಿಂತವು, ಆಶಾ ಕಾರ್ಯಕರ್ತೆಯರನ್ನು ಬೇರೆ ಕೆಲಸಕ್ಕೆ ಹಚ್ಚಲಾಯಿತು, ತಾಯಂದಿರು ಆಸ್ಪತ್ರೆಯ ಬಾಗಿಲಿಗೆ ಹೋಗಲು ಹೆದರಿದರು.

ಗೋವಂಡಿ, 2022

ಮುಂಬೈನ ದೇವನಾರ್ ಕಸದ ಗುಡ್ಡದ ಸುತ್ತ ಹಬ್ಬಿರುವ ಗೋವಂಡಿ, ಎಂ-ಪೂರ್ವ ವಾರ್ಡಿಗೆ ಸೇರಿದ್ದು. ತಗಡಿನ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಒಂದೊಂದು ಕೋಣೆಯಲ್ಲಿ ಆರೇಳು ಜನ. ಬಹಳಷ್ಟು ಕುಟುಂಬಗಳು ಉತ್ತರ ಪ್ರದೇಶ, ಬಿಹಾರಗಳಿಂದ ದುಡಿಯಲು ಬಂದವು. 2022ರ ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರು ಸತ್ತಾಗ ದಡಾರ ಸುದ್ದಿಯಾಯಿತು. ಬೇಗನೆ ಮಾಲೆಗಾಂವ್, ಭಿವಂಡಿಗಳಿಂದಲೂ ವರದಿ ಬಂತು. ರಾಂಚಿ, ಅಹಮದಾಬಾದ್, ಮಲಪ್ಪುರಂಗಳಿಗೂ ಕೇಂದ್ರ ತಂಡಗಳನ್ನು ಕಳಿಸಬೇಕಾಯಿತು. ರೋಗ ಬಂದ ಮಕ್ಕಳಲ್ಲಿ ಹೆಚ್ಚಿನವರು ಒಂದು ಡೋಸನ್ನೂ ಪಡೆದಿರಲಿಲ್ಲ. ರೋಗ ಹೆಚ್ಚಿರುವ ಕಡೆ ಐದು ವರ್ಷದೊಳಗಿನವರಿಗೆ ಹೆಚ್ಚುವರಿ ಡೋಸ್ ಹಾಕಲು, ಒಂಬತ್ತು ತಿಂಗಳಿಗಿಂತ ಕಿರಿಯರಲ್ಲೂ ರೋಗ ಶೇ 10ಕ್ಕಿಂತ ಹೆಚ್ಚು ಕಂಡಲ್ಲಿ ಆರು ತಿಂಗಳ ಕೂಸಿಗೂ ಒಂದು ಡೋಸ್ ಕೊಡಲು ಕೇಂದ್ರ ಸೂಚಿಸಿತು.

ಮುಂಬೈ ಇಡೀ ನಗರದ ಲಸಿಕಾ ಪ್ರಮಾಣವನ್ನು ನೋಡಿದವರಿಗೆ ಗೋವಂಡಿಯ ಸುಳಿವು ಸಿಗುತ್ತಿರಲಿಲ್ಲ. ಕೆರೆಯ ಏರಿ ಒಂದು ಕಡೆ ಬಿರುಕು ಬಿಟ್ಟಿದ್ದರೆ ಉಳಿದ ಉದ್ದಕ್ಕೂ ಅದು ಎಷ್ಟು ಗಟ್ಟಿಯಾಗಿದ್ದರೂ ನೀರು ನಿಲ್ಲುವುದಿಲ್ಲ. ಶ್ರೀಮಂತ ದೇಶದಲ್ಲೂ ಕಥೆ ಇದೇ: 2025ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದೇ ಎಳೆಯಿಂದ 762 ಮಂದಿಗೆ ರೋಗ ಬಂತು. ಆ ರಾಜ್ಯದಲ್ಲಿ ಶಾಲೆಗೆ ಸೇರುವ ಮಕ್ಕಳ ಲಸಿಕಾ ಪ್ರಮಾಣ ಶೇ 94ರಷ್ಟಿತ್ತು. ರೋಗದ ಮೂಲವಾದ ಗೇನ್ಸ್ ಕೌಂಟಿಯಲ್ಲಿ ಶೇ 82.

ಗುಳೆ ಹೋದವರ ಮಕ್ಕಳು

ಕರ್ನಾಟಕದಲ್ಲಿ ಈ ಬಿರುಕನ್ನು ಹುಡುಕಬೇಕಾದದ್ದು ಗುಳೆಯ ದಾರಿಯಲ್ಲಿ. ಸುಗ್ಗಿ ಮುಗಿದ ಮೇಲೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬೆಳಗಾವಿಯ ಸಕ್ಕರೆ ಕಾರ್ಖಾನೆಗಳಿಗೆ ಬರುತ್ತವೆ. ಮಗುವಿಗೆ ಒಂಬತ್ತು ತಿಂಗಳು ತುಂಬುವಾಗ ತಾಯಿ ಒಂದೂರಲ್ಲಿ, ಹದಿನಾರು ತಿಂಗಳು ತುಂಬುವಾಗ ಇನ್ನೊಂದೂರಲ್ಲಿ. ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಆ ಮಗು ‘ಊರಲ್ಲಿಲ್ಲ’. ಬೆಂಗಳೂರಿನ ಶೆಡ್ಡು ಯಾವ ಕಾರ್ಯಕರ್ತೆಯ ಪಟ್ಟಿಗೂ ಸೇರಿರುವುದಿಲ್ಲ. ಕಟ್ಟಡ ಎದ್ದ ಕೂಡಲೇ ಶೆಡ್ಡೇ ಮಾಯ. ಲಸಿಕೆಯ ಲೆಕ್ಕ ಬರೆಯುವ ‘ತಾಯಿ ಕಾರ್ಡ್’ ಟ್ರಂಕಿನಲ್ಲಿ ಊರಲ್ಲೇ ಉಳಿದಿರುತ್ತದೆ. ಕೂಲಿ ಬಿಟ್ಟು ಲಸಿಕೆಯ ದಿನ ಆಸ್ಪತ್ರೆಯಲ್ಲಿ ಕಾಯುವುದೆಂದರೆ ಅವಳಿಗೆ ಒಂದು ದಿನದ ಸಂಬಳ ಹೋದಂತೆ, ಮಾರನೆಯ ದಿನ ಮಗುವಿಗೆ ಜ್ವರ ಬಂದರೆ ಇನ್ನೊಂದು ದಿನದ್ದೂ ಹೋದಂತೆ. ಇಂಥ ತಾಯಿಯನ್ನು ಲಸಿಕೆಗೆ ಹಿಂಜರಿಯುವವಳು ಎಂದು ದಾಖಲೆಯಲ್ಲಿ ಬರೆಯುವುದು ಅನ್ಯಾಯ. ಅವಳು ಬೇಡವೆಂದವಳಲ್ಲ, ಸಿಗದೆ ಹೋದವಳು.

2014ರ ಡಿಸೆಂಬರ್‌ನಲ್ಲಿ ಶುರುವಾದ ಇಂದ್ರಧನುಷ್ ಅಭಿಯಾನ ಇಟ್ಟಿಗೆ ಭಟ್ಟಿ, ಕಟ್ಟಡದ ಶೆಡ್ಡು, ಅಲೆಮಾರಿಗಳ ಬಿಡಾರಗಳನ್ನೇ ಗುರುತಿಸಿ ಹೊರಟಿದ್ದು ಇದೇ ಕಾರಣಕ್ಕೆ. ಈಗ ಯು-ವಿನ್ ಎಂಬ ಆನ್‌ಲೈನ್ ದಾಖಲೆ ಬಂದಿದ್ದು, ಕಾರ್ಡ್ ಕಳೆದರೂ ಯಾವ ಊರಿನಲ್ಲಾದರೂ ಮಗುವಿನ ಲೆಕ್ಕ ತೆಗೆಯಬಹುದು. ಯಾವ ಲಸಿಕೆಯ ಒಂದು ಡೋಸೂ ಪಡೆಯದ ಮಕ್ಕಳ ಸಂಖ್ಯೆ 2023ರಲ್ಲಿ ಸುಮಾರು 16 ಲಕ್ಷವಿದ್ದದ್ದು 2024ರಲ್ಲಿ ಸುಮಾರು 9 ಲಕ್ಷಕ್ಕೆ ಇಳಿದಿದೆಯೆಂದು ವಿಶ್ವಸಂಸ್ಥೆಯ ಅಂದಾಜು.

ಲಸಿಕೆಯ ಬಾಟಲಿ

ಈ ಲಸಿಕೆಯನ್ನು ಕೊಡುವುದು ಪೋಲಿಯೊ ಹನಿ ಹಾಕಿದಷ್ಟು ಸುಲಭವಲ್ಲ. ಸಣ್ಣ ಗಾಜಿನ ಬಾಟಲಿಯ ತಳದಲ್ಲಿ ಒಣ ಬಿಳಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕರಗಿಸುವ ದ್ರವ ಬೇರೆಯಾಗಿ ಬರುತ್ತದೆ. ಎರಡನ್ನೂ 2ರಿಂದ 8 ಡಿಗ್ರಿ ತಣ್ಣಗೆ ಇಟ್ಟು, ಐಸ್‌ಪ್ಯಾಕ್ ತುಂಬಿದ ಪೆಟ್ಟಿಗೆಯಲ್ಲಿ ಉಪಕೇಂದ್ರಕ್ಕೋ ಅಂಗನವಾಡಿಗೋ ಒಯ್ಯಬೇಕು. ಆರೋಗ್ಯ ಸಹಾಯಕಿ ದ್ರವವನ್ನು ಬೆರೆಸಿ, ಬಾಟಲಿಯ ಮೇಲೆ ಸಮಯ ಬರೆಯುತ್ತಾರೆ. ಬಲತೋಳಿನ ಚರ್ಮದ ಕೆಳಗೆ ಅರ್ಧ ಎಂ.ಎಲ್. ಬೆರೆಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಲೇಬೇಕು. ಈ ಲಸಿಕೆಗೆ ಕೆಡದಂತೆ ತಡೆಯುವ ರಾಸಾಯನಿಕ ಸೇರಿಸಿರುವುದಿಲ್ಲ. ಹೊತ್ತು ಮೀರಿದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅದೇ ವಿಷವಾಗುತ್ತದೆ.

ಒಂದು ಬಾಟಲಿಯಲ್ಲಿ ಐದೋ ಹತ್ತೋ ಡೋಸ್. ತಾಂಡಾದ ಅಂಗನವಾಡಿಗೆ ಆ ದಿನ ಬಂದದ್ದು ಒಂದೇ ಮಗು. ಒಂದು ಮಗುವಿಗಾದರೂ ಬಾಟಲಿ ತೆರೆಯಿರಿ ಎಂಬುದೇ ನಿಯಮ. ಆದರೆ ತಿಂಗಳ ಸಭೆಯಲ್ಲಿ ಲಸಿಕೆ ವ್ಯರ್ಥವಾದದ್ದಕ್ಕೆ ಉತ್ತರ ಹೇಳಬೇಕಾದವರು ಅದೇ ಸಹಾಯಕಿ. ಮುಂದಿನ ವಾರ ಬನ್ನಿ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಮುಂದಿನ ವಾರ ಆ ತಾಯಿ ಊರಲ್ಲಿರುವುದಿಲ್ಲ. ನಿರ್ಮೂಲನೆ ಎಲ್ಲಿ ಸೋಲುತ್ತದೆ ಎಂದು ಕೇಳಿದರೆ, ದೆಹಲಿಯ ಗುರಿಗಳಿಗಿಂತ ಮೊದಲು ಅಂಗನವಾಡಿಯ ಈ ಲಸಿಕೆಯ ಮೇಜಿನತ್ತ ಬೆರಳು ತೋರಿಸಬೇಕು. ವ್ಯರ್ಥದ ಲೆಕ್ಕ ಕೇಳುವುದನ್ನು ಬಿಟ್ಟು ತಪ್ಪಿದ ಮಗುವಿನ ಲೆಕ್ಕ ಕೇಳಿದರೆ ಬಹಳಷ್ಟು ಸರಿಹೋಗುತ್ತದೆ. ಚುಚ್ಚದೆ ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದ ಲಸಿಕೆಯನ್ನು ಗ್ಯಾಂಬಿಯಾದ ಮಕ್ಕಳಲ್ಲಿ ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ಪ್ರಕಟವಾಗಿದೆ, ಚೆನ್ನಾಗಿದೆ. ಅದು ಬಳಕೆಗೆ ಬಂದರೆ ಬೆರೆಸುವ, ಎಸೆಯುವ ಈ ತಾಪತ್ರಯ ತಪ್ಪುತ್ತದೆ.

ನಂಬಿಕೆ ಮುರಿದಾಗ

ಶಾಂತಸಾಗರದ ಪುಟ್ಟ ದೇಶ ಸಮೋವಾದಲ್ಲಿ 2018ರ ಜುಲೈನಲ್ಲಿ ಲಸಿಕೆ ಹಾಕಿದ ಕೆಲವೇ ನಿಮಿಷಗಳಲ್ಲಿ ಎರಡು ಶಿಶುಗಳು ಸತ್ತವು. ದಾದಿಯರು ಪುಡಿಯನ್ನು ಅದರ ದ್ರವದಲ್ಲಿ ಬೆರೆಸುವ ಬದಲು ಸ್ನಾಯುಗಳನ್ನು ಸಡಿಲಿಸುವ ಔಷಧದಲ್ಲಿ ಬೆರೆಸಿದ್ದರು. ಲಸಿಕೆಯಲ್ಲಿ ದೋಷವಿರಲಿಲ್ಲ, ಆದರೆ ಸರ್ಕಾರ ಕಾರ್ಯಕ್ರಮವನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು, ಜನರ ವಿಶ್ವಾಸವೂ ಹೋಯಿತು. ಶಿಶುಗಳ ಲಸಿಕಾ ಪ್ರಮಾಣ ಶೇ 31ರ ಆಸುಪಾಸಿಗೆ ಕುಸಿಯಿತು. 2019ರಲ್ಲಿ ದಡಾರ ಬಂದಾಗ ಎರಡು ಲಕ್ಷ ಜನರ ಆ ದೇಶದಲ್ಲಿ 5,700 ಮಂದಿಗೆ ರೋಗ ತಗುಲಿ 83 ಮಂದಿ ಸತ್ತರು, ಹೆಚ್ಚಿನವರು ಹಾಲುಗಲ್ಲದ ಮಕ್ಕಳು. ಡಿಸೆಂಬರಿನಲ್ಲಿ ಸರ್ಕಾರ ಎರಡು ದಿನ ಎಲ್ಲ ಕಚೇರಿ ಮುಚ್ಚಿ ಲಸಿಕೆಗೆ ಹೊರಟಿತು. ಲಸಿಕೆ ಆಗದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಲು ಹೇಳಲಾಯಿತು.

ಕರ್ನಾಟಕದಲ್ಲೂ ಇಂಥದೊಂದು ದುಃಖ ನಡೆದಿದೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಬಳಿಕ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟುಕೊಂಡ, ಬಳಸಿದ ರೀತಿಯಲ್ಲಿ ಲೋಪವಾಗಿದೆ ಎಂಬ ಅನುಮಾನ ಆಗ ವ್ಯಕ್ತವಾಯಿತು. ಇಂಥ ಸಾವಿನ ನಂತರ ಆ ಭಾಗದ ತಾಯಿಯೊಬ್ಬಳು ಹಿಂದೇಟು ಹಾಕಿದರೆ ಅವಳಿಗೆ ವಿಜ್ಞಾನದ ಅರಿವಿಲ್ಲ ಎನ್ನಲಾಗದು. ಅವಳಿಗೆ ಬೇಕಾದದ್ದು ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಮಾಡಿದ್ದೀರಿ ಎಂಬ ನೇರ ಉತ್ತರ.

ಇದಕ್ಕೆ ತೀರ ಬೇರೆಯದು ಬೇಕೆಂದೇ ಹುಟ್ಟಿಸಿದ ಭಯ. ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ 1998ರ ಲೇಖನವೊಂದರಲ್ಲಿ ಹನ್ನೆರಡು ಮಕ್ಕಳ ಉದಾಹರಣೆ ಕೊಟ್ಟು ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದರು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಆ ಲೇಖನವನ್ನು ಹಿಂಪಡೆಯಿತು, ವೇಕ್‌ಫೀಲ್ಡ್ ವೈದ್ಯ ವೃತ್ತಿಯ ನೋಂದಣಿ ಕಳೆದುಕೊಂಡರು. ಅಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತು. 2017ರ ಅಭಿಯಾನದಲ್ಲಿ ಕರ್ನಾಟಕ, ತಮಿಳುನಾಡು, ಕೇರಳಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲಸಿಕೆಯ ಬಗ್ಗೆ ಹರಿದಾಡಿದಂಥ ವದಂತಿಗಳಿಗೆ ಅಧಿಕಾರಿಗಳ ಪ್ರಕಟಣೆಗಿಂತ ಹೆಚ್ಚು ಪರಿಣಾಮಕಾರಿಯಾಗಿ ಉತ್ತರ ಕೊಡಬಲ್ಲವರು ಮನೆಯವರಿಗೆ ಗೊತ್ತಿರುವ ವೈದ್ಯರು, ಶಾಲೆಯ ಮೇಷ್ಟ್ರು, ಮಸೀದಿ ಮಠಗಳ ಹಿರಿಯರು.

ಪತ್ತೆ

ಕೊನೆಯ ಹಂತದಲ್ಲಿ ಕಷ್ಟದ ಕೆಲಸ ರೋಗ ಇಲ್ಲವೆಂದು ತೋರಿಸುವುದು. ಜ್ವರದ ಜೊತೆ ದದ್ದು ಬಂದ ಪ್ರತಿ ಮಗುವಿನ ರಕ್ತ ಪರೀಕ್ಷೆಯಾಗಬೇಕು, ಗಂಟಲ ದ್ರವದಿಂದ ವೈರಸ್ಸಿನ ತಳಿ ಗುರುತಿಸಬೇಕು. ಡಿ8, ಬಿ3 ಎಂಬ ತಳಿಗಳೇ ಇಂದು ಜಗತ್ತಿನಲ್ಲಿ ಹೆಚ್ಚಾಗಿ ಓಡಾಡುತ್ತಿವೆ. ತಳಿಯ ಗುರುತಿನಿಂದ ರೋಗ ಇಲ್ಲಿಯದೇ, ಹೊರಗಿನಿಂದ ಬಂದದ್ದೇ ಎಂದು ತಿಳಿಯಲು ಸಹಾಯವಾಗುತ್ತದೆ. ಒಂದು ಲಕ್ಷ ಜನಸಂಖ್ಯೆಗೆ ವರ್ಷಕ್ಕೆ ಕನಿಷ್ಠ ಎರಡು ಅನುಮಾನದ ಪ್ರಕರಣಗಳನ್ನಾದರೂ ಪರೀಕ್ಷಿಸಿ ಇದು ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ ಎಂದು ತಳ್ಳಿಹಾಕಿರಬೇಕೆಂದು ನಿಯಮ. ಏನೂ ವರದಿಯಾಗದ ಜಿಲ್ಲೆ ರೋಗವಿಲ್ಲದ ಜಿಲ್ಲೆಯಾಗಿರಬಹುದು, ಯಾರೂ ನೋಡದ ಜಿಲ್ಲೆಯೂ ಆಗಿರಬಹುದು.

ನಮ್ಮ ಹಳ್ಳಿಗಳಲ್ಲಿ ಮೈಮೇಲೆ ದದ್ದು ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಒಗ್ಗರಣೆ ಹಾಕದೆ, ಹೊರಗಿನವರನ್ನು ಒಳಗೆ ಬಿಡದೆ, ತಣ್ಣನೆಯ ಊಟ ಕೊಟ್ಟು ಕಾಯುತ್ತಾರೆ. ಹೊರಗಿನವರನ್ನು ದೂರವಿಡುವುದರಲ್ಲಿ ವಿವೇಕವಿದೆ. ಆದರೆ ಆಸ್ಪತ್ರೆಗೆ ಹೋದರೆ ಅಮ್ಮ ಮುನಿಯುತ್ತಾಳೆಂಬ ಭಯ ಮಗುವಿಗೆ ಎ ಜೀವಸತ್ವದ ಹನಿಯನ್ನೂ ಇಲಾಖೆಗೆ ಸುದ್ದಿಯನ್ನೂ ತಪ್ಪಿಸುತ್ತದೆ. ಮನೆಯವರ ನಂಬಿಕೆಗೆ ನೋವಾಗದಂತೆ ಬಾಗಿಲಲ್ಲಿ ನಿಂತು ಮಾತಾಡಿ, ರಕ್ತ ತೆಗೆಸಲು ಒಪ್ಪಿಸುವ ಆಶಾ ಕಾರ್ಯಕರ್ತೆಯರು ಈ ಇಡೀ ವ್ಯವಸ್ಥೆಯ ಬೆನ್ನೆಲುಬು. ಅವರಿಗೆ ಸಿಗುವ ಗೌರವಧನ ಅವರ ಕೆಲಸಕ್ಕೆ ತಕ್ಕದ್ದಲ್ಲ. ಖಾಸಗಿ ಕ್ಲಿನಿಕ್ಕುಗಳದು ಇನ್ನೊಂದು ತೊಡಕು. ವೈರಲ್ ಜ್ವರ ಎಂದು ಬರೆದುಕೊಟ್ಟ ಚೀಟಿಯೊಂದಿಗೆ ಎಷ್ಟೋ ಪ್ರಕರಣಗಳು ಲೆಕ್ಕದಿಂದ ಜಾರಿಹೋಗುತ್ತವೆ.

ಗೆದ್ದವರು, ಕಳೆದುಕೊಂಡವರು

ನೆರೆಹೊರೆಯಲ್ಲಿ ಭೂತಾನ್ ಮತ್ತು ಮಾಲ್ಡೀವ್ಸ್ 2017ರಲ್ಲಿ, ಶ್ರೀಲಂಕಾ 2019ರಲ್ಲಿ ದಡಾರಮುಕ್ತವಾದವು. ಮನೆಬಾಗಿಲಿಗೆ ಹೋಗುವ ಆರೋಗ್ಯ ಸಿಬ್ಬಂದಿ ದಶಕಗಳಿಂದ ಇದ್ದದ್ದೇ ಶ್ರೀಲಂಕಾದ ಬಲ. ಅಲ್ಲೂ 2023ರಲ್ಲಿ ರೋಗ ಮತ್ತೆ ತಲೆಯೆತ್ತಿತು. ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳು 2016ರಲ್ಲಿ ದಡಾರಮುಕ್ತವೆನಿಸಿಕೊಂಡವು. ವೆನೆಜುವೆಲಾದ ಆರ್ಥಿಕ ಕುಸಿತದಲ್ಲಿ ಲಸಿಕಾ ವ್ಯವಸ್ಥೆ ಕುಸಿದು, ರೋಗ ಗಡಿ ದಾಟಿ, 2019ರಲ್ಲಿ ಬ್ರೆಜಿಲ್ ಪಟ್ಟ ಕಳೆದುಕೊಂಡಿತು. ಮತ್ತೆ ದುಡಿದು 2024ರಲ್ಲಿ ಮರಳಿ ಪಡೆಯಿತು. ಬ್ರಿಟನ್ 2019ರಲ್ಲಿ ಕಳೆದುಕೊಂಡಿತು. ಕೆನಡಾದಲ್ಲಿ 2024ರ ಅಕ್ಟೋಬರಿನಲ್ಲಿ ಶುರುವಾದ ಎಳೆ ವರ್ಷ ಕಳೆದರೂ ಕಡಿಯಲಿಲ್ಲ. 2025ರ ನವೆಂಬರಿನಲ್ಲಿ ಆ ದೇಶದ ಜೊತೆಗೆ ಎರಡೂ ಅಮೆರಿಕ ಖಂಡಗಳ ಪಟ್ಟವೂ ಹೋಯಿತು.

ಭಾರತದಲ್ಲಿ 2024ರಲ್ಲಿ ದಡಾರದ ಪ್ರಕರಣಗಳು ಹಿಂದಿನ ವರ್ಷಕ್ಕಿಂತ ಶೇ 73ರಷ್ಟು ಇಳಿದವು. 2025ರ ಮೊದಲ ಮೂರು ತಿಂಗಳಲ್ಲಿ 332 ಜಿಲ್ಲೆಗಳಿಂದ ಒಂದೂ ಪ್ರಕರಣ ವರದಿಯಾಗಲಿಲ್ಲ. ಆ ವರ್ಷದ ಏಪ್ರಿಲ್ 24ರಂದು ಶೂನ್ಯ ದಡಾರ-ರುಬೆಲ್ಲಾ ಅಭಿಯಾನ ಆರಂಭವಾಗಿ, ಪ್ರತಿ ಜಿಲ್ಲೆಯಲ್ಲೂ ಎರಡೂ ಡೋಸಿನ ಪ್ರಮಾಣವನ್ನು ಶೇ 95 ದಾಟಿಸುವ ಗುರಿ ಇಟ್ಟುಕೊಳ್ಳಲಾಯಿತು. ಜಿಲ್ಲೆಯನ್ನು ಲೆಕ್ಕದ ಘಟಕವಾಗಿ ಹಿಡಿದದ್ದು ಒಳ್ಳೆಯ ಹೆಜ್ಜೆ. ವಾರ್ಡು, ಉಪಕೇಂದ್ರದವರೆಗೆ ಇಳಿದರೆ ಇನ್ನೂ ಒಳ್ಳೆಯದು. 2026ರ ಕೊನೆಯೊಳಗೆ ಸ್ಥಳೀಯ ಹರಡುವಿಕೆಯ ಕಡೆಯ ಎಳೆ ಕಡಿದರೂ, ಮೂವತ್ತಾರು ತಿಂಗಳ ನಿಯಮದಂತೆ ಪರಿಶೀಲನೆ ಮುಗಿಯುವುದು 2029ರ ಕೊನೆಗೆ. ಆ ನಡುವೆ ದೇಶದಲ್ಲಿ ಸುಮಾರು ಏಳು ಕೋಟಿ ಶಿಶುಗಳು ಹುಟ್ಟಿರುತ್ತವೆ, ಪ್ರತಿಯೊಂದಕ್ಕೂ ಎರಡು ಡೋಸ್ ಸಲ್ಲಬೇಕು.